ಇವಳಿಗೆ ಫ್ರೈಡ್ ರೈಸ್

ಜನವರಿ ೨೧, ಭಾನುವಾರ

ಹೊಟ್ಟೆ ತುಂಬಿದೆ, ಹೊಟ್ಟೆ ಉರೀತಾನೂ ಇದೆ. ಎರಡಕ್ಕೂ ಕಾರಣ ಒಂದೇ ಫ್ರೈಡ್ ರೈಸ್.

ನಿನ್ನೆ ಅಣ್ಣನ ಹುಟ್ಟಿದ ಹಬ್ಬ. ನಮ್ಮ ಮನೆಯಲ್ಲಿ ಯಾರ ಹುಟ್ಟಿದ ಹಬ್ಬವಾದರೂ ಮೆರವಣಿಗೆ ಹೊರಡುವುದು ಬಸ್ ನಿಲ್ದಾಣದ ಎದುರಿನ ಥಾಯ್-ಚೈನೀಸ್ ಹೋಟೆಲಿಗೇ. ಬಾಗಿಲಲ್ಲಿ ಮೀನಿನ ತೊಟ್ಟಿ, ಒಳಗೆ ದುಂಡು ಮೇಜು, ಮೇಜಿನ ನಡುವೆ ತಿರುಗುವ ಗಾಜಿನ ತಟ್ಟೆ. ಅಣ್ಣ, ಅತ್ತಿಗೆ, ಅಮ್ಮ, ಅಣ್ಣನ ಮಗಳು ಪುಟ್ಟಿ, ನಾನು. ಮೆನು ಬಂತು. ಅದನ್ನು ತೆರೆಯುವ ಮೊದಲೇ ಅಣ್ಣ ವೇಟರಿಗೆ ಹೇಳಿದ: "ಇವಳಿಗೆ ಫ್ರೈಡ್ ರೈಸ್ ಬರ್ಕೊಳ್ಳಿ. ಫ್ರೈಡ್ ರೈಸ್ ಅಂದ್ರೆ ಇವಳಿಗೆ ಪ್ರಾಣ."

ಪ್ರಾಣವಂತೆ! ನನಗೆ ಫ್ರೈಡ್ ರೈಸ್ ಕಂಡರೇ ಆಗುವುದಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಇದೇ ಹೋಟೆಲಲ್ಲಿ, ಪಕ್ಕದ ಮೇಜಿನವರು ತಿನ್ನುತ್ತಿದ್ದ ಪ್ಯಾಡ್ ಥಾಯ್ ಅನ್ನೋ ನೂಡಲ್ಸ್ ಕೇಳೋಣ ಅಂತ ಬಾಯಿ ತೆರೆದಿದ್ದೆ. 'ಪ'ದಲ್ಲೇ ಸಿಕ್ಕಿಹಾಕಿಕೊಂಡೆ. ಪ, ಬ, ಕ ಈ ಮೂರೂ ನನಗೆ ಹುಟ್ಟಾ ಶತ್ರುಗಳು. ತುಟಿ ಅಂಟಿಕೊಂಡಿತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು, ಇಡೀ ಹೋಟೆಲು ತಿರುಗಿ ನೋಡಿತು. ಕೊನೆಗೆ ಬಾಯಿಂದ ಬಿದ್ದದ್ದು ಫ್ರೈಡ್ ರೈಸ್. 'ಫ' ಹೇಗೋ ಉಸಿರಿನ ಜೊತೆ ಜಾರಿ ಬಂದುಬಿಡುತ್ತೆ. ಅವತ್ತಿನಿಂದ ಅದೇ ನನ್ನ ಪ್ರಾಣ ಅಂತ ಮನೆಯವರು ತೀರ್ಮಾನ ಮಾಡಿಬಿಟ್ಟರು. ಈಗ ನನಗೆ ಮೂವತ್ತನಾಲ್ಕು. ಎಷ್ಟು ತಟ್ಟೆ ತಿಂದಿದ್ದೀನಿ ಅಂತ ಲೆಕ್ಕವೇ ಇಟ್ಟಿಲ್ಲ.

ಹಾಳಾಗಲಿ, ಇದು ಹಳೇ ಗೋಳು. ಬರೆಯೋಕೆ ಕೂತದ್ದು ಅದಕ್ಕಲ್ಲ.

ಪುಟ್ಟಿಗೆ ಏಳು ವರ್ಷ. ಕೆಲವು ತಿಂಗಳಿಂದ ಅವಳೂ ಉಗ್ಗುತ್ತಿದ್ದಾಳೆ. ನಿನ್ನೆ ಮೆನುವಿನ ಮೇಲೆ ಬಗ್ಗಿ, ಕಣ್ಣರಳಿಸಿ, "ನಂಗೆ ಕ... ಕ... ಕ..." ಅಂದಳು. ಅಣ್ಣ "ಕೋಲಾನಾ?" ಅಂದ. ಅತ್ತಿಗೆ "ಕಾರ್ನ್ ಸೂಪಾ ಚಿನ್ನ?" ಅಂದಳು. ಅಮ್ಮ "ಕೇಕು ಆಮೇಲೆ ಕಣೇ" ಅಂದಳು. ಮೂರು ಜನ ಮೂರು ಕಡೆಯಿಂದ ಮಗುವಿನ ಬಾಯಿಗೆ ಮಾತು ತುರುಕಿದರು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು, ಬಾಯಿ ಮುಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿ ಸಲೀಸಾಗಿ "ಅತ್ತೆದೇ ನಂಗೂ" ಅಂದಳು.

"ಅತ್ತೆ ಅಂದ್ರೆ ಎಷ್ಟು ಅಕ್ಕರೆ ನೋಡು!" ಅಂತ ಎಲ್ಲರೂ ನಕ್ಕರು. ನಾನು ಮಾತ್ರ ನಗಲಿಲ್ಲ. ಅದು ಅಕ್ಕರೆ ಅಲ್ಲ. ಬೇಕಾದ್ದನ್ನು ಬಿಟ್ಟು, ಹೇಳೋಕಾಗೋದನ್ನು ಕೇಳುವುದು ಅದು. ನನ್ನ ಜೀವಮಾನದ ಕಸುಬು. ಮಗು ಎದುರುಗಡೆ ಕೂತು ನೋಡಿ ನೋಡಿ ಕಲಿತುಬಿಟ್ಟಿದೆ. ಅವಳು ಏನು ಕೇಳೋಕೆ ಹೊರಟಿದ್ದಳೋ ಯಾರಿಗೂ ಗೊತ್ತಾಗಲಿಲ್ಲ. ಇಬ್ಬರೂ ಎದುರುಬದುರು ಕೂತು ಫ್ರೈಡ್ ರೈಸ್ ತಿಂದೆವು.

ಏಪ್ರಿಲ್ ೨೦ಕ್ಕೆ ಅವಳ ಹುಟ್ಟಿದ ಹಬ್ಬ. ಮತ್ತೆ ಅದೇ ಹೋಟೆಲು. ಅವತ್ತು ನನಗೆ ಬೇಕಾದ್ದನ್ನು ನನ್ನ ಬಾಯಿಂದಲೇ, ಅವಳ ಕಣ್ಣೆದುರಿಗೇ ಕೇಳಬೇಕು. ಇಲ್ಲದಿದ್ದರೆ ಈ ಮನೆಯಲ್ಲಿ ಇನ್ನೊಬ್ಬಳು ಆಯುಷ್ಯವೆಲ್ಲ ಫ್ರೈಡ್ ರೈಸ್ ತಿಂತಾಳೆ.

ಜನವರಿ ೩೦, ಮಂಗಳವಾರ

ಮಾತಿನ ಡಾಕ್ಟರ ಹತ್ತಿರ ಹೋಗಿದ್ದೆ. ನನಗಿಂತ ಚಿಕ್ಕವಳು, ಕೆದರಿದ ಕೂದಲು, ಮೇಜಿನ ತುಂಬ ಬಿಸ್ಕೆಟ್ ಪುಡಿ. ಉಗ್ಗು ಹೋಗಲಾಡಿಸುವ ಮಂತ್ರ ಗಿಂತ್ರ ಏನಾದರೂ ಇರಬಹುದು ಅಂತ ಆಸೆ ಇತ್ತು. ಆಕೆ ಹೇಳಿದ್ದು, "ಉಗ್ಗಿ. ಚೆನ್ನಾಗಿ ಉಗ್ಗಿ. ಬೇಕಂತಲೇ ಉಗ್ಗಿ."

ಇದಕ್ಕೆ ನಾನು ರಜೆ ಹಾಕಿ ಬರಬೇಕಿತ್ತಾ? ಅದನ್ನು ಮನೆಯಲ್ಲೇ ಪುಕ್ಕಟೆ ಮಾಡ್ತಿದ್ದೆನಲ್ಲ!

ಆದರೆ ಆಕೆಗೆ ನನ್ನ ಕಳ್ಳದಾರಿಗಳೆಲ್ಲ ಗೊತ್ತು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ತೇಯುವ ಕೆಲಸ ಯಾಕೆ ಹಿಡಿದಿರಿ ಅಂತ ಕೇಳಿದಳು. ಯಂತ್ರದ ಸದ್ದಿನಲ್ಲಿ ಯಾರೂ ಮಾತಾಡಿಸಲ್ಲ, ಅದಕ್ಕೇ ಅಂದೆ. "ಫೋನ್?" ತೆಗೆಯಲ್ಲ. "ಅಂಗಡಿಯಲ್ಲಿ ಗಿರಾಕಿಗಳ ಜೊತೆ?" ಕಿಂಡಿಯಲ್ಲಿ ಚೀಟಿ ತೂರಿಸ್ತೀನಿ. "ಹೋಟೆಲಲ್ಲಿ?" ಆಗ ಫ್ರೈಡ್ ರೈಸಿನ ಕಥೆ ಹೇಳಿದೆ. ಆಕೆ ನಗಲಿಲ್ಲ. ನನ್ನ ಮಾತು ಮುಗಿಯುವವರೆಗೂ ಕಾದಳು. ಅಷ್ಟು ಹೊತ್ತು ನನಗಾಗಿ ಯಾರೂ ಕಾದ ನೆನಪಿಲ್ಲ. ಅಳು ಬಂತು, ಬಿಸ್ಕೆಟ್ ತಿಂದು ಸುಧಾರಿಸಿಕೊಂಡೆ.

ಮನೆಪಾಠ ಕೊಟ್ಟಿದ್ದಾಳೆ. ಪ್ರತಿ ಗುರುವಾರ ಮಧ್ಯಾಹ್ನ ಅದೇ ಹೋಟೆಲಿಗೆ ಒಬ್ಬಳೇ ಹೋಗಿ ಊಟ ಕೇಳಬೇಕು. ಮೆನುವಿನ ಮೇಲೆ ಬೆರಳಿಡುವಂತಿಲ್ಲ. ನಂಬರು ಹೇಳುವಂತಿಲ್ಲ. ಒಂದು ಬೇಕಿದ್ದಾಗ ಇನ್ನೊಂದು ಹೇಳುವಂತಿಲ್ಲ. ಕಣ್ಣು ಮುಚ್ಚುವಂತಿಲ್ಲ. ಉಸಿರಾಡಬಹುದಂತೆ, ಪುಣ್ಯಕ್ಕೆ.

ಫೆಬ್ರವರಿ ೮, ಗುರುವಾರ

ಹೋದೆ! ಮೀನಿನ ತೊಟ್ಟಿಯ ಪಕ್ಕದ ಎರಡು ಕುರ್ಚಿಯ ಮೇಜಿನಲ್ಲಿ ಕೂತೆ. ವೇಟರ್ ಐವತ್ತರ ಆಸುಪಾಸಿನವನು. ಕನ್ನಡಕ ಮೂಗಿನ ತುದಿಗೆ ಜಾರುತ್ತಲೇ ಇರುತ್ತೆ, ಬೆರಳಲ್ಲಿ ಮೇಲಕ್ಕೆ ತಳ್ಳುತ್ತಲೇ ಇರುತ್ತಾನೆ. ಜಾರು ಕನ್ನಡಕ ಅಂತ ಹೆಸರಿಟ್ಟೆ.

"ಏನು ಕೊಡ್ಲಿ ಮೇಡಂ?"

"ಪ... ಪ... ಪ..."

ಪಾಪ, ಒಳ್ಳೇ ಮನುಷ್ಯ. ನನ್ನ ಕಷ್ಟ ನೋಡೋಕಾಗದೆ, "ಪಪ್ಪಾಯಿ ಸಲಾಡಾ ಮೇಡಂ?" ಅಂದ.

ನಾನು ತಲೆಯಾಡಿಸಿದೆ! ಥೂ ನನ್ನ ತಲೆಯೇ! ಅಷ್ಟು ವರ್ಷದ ಅಭ್ಯಾಸ, ಯಾರಾದರೂ ಮಾತು ಮುಗಿಸಿಕೊಟ್ಟರೆ ತಲೆ ತಾನಾಗಿಯೇ ಅಲ್ಲಾಡುತ್ತೆ. ಹಸಿ ಪಪ್ಪಾಯಿ ತುರಿ ಬಂತು, ಸಣ್ಣ ಸಣ್ಣ ಕೆಂಪು ಮೆಣಸಿನಕಾಯಿ ಸಮೇತ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ ತಿಂದು ಮುಗಿಸಿದೆ. ಜಾರು ಕನ್ನಡಕ ಎರಡು ಲೋಟ ನೀರು ತಂದಿಟ್ಟು "ತುಂಬಾ ಇಷ್ಟಪಟ್ಟು ತಿಂದ್ರಿ" ಅಂದ.

ಫೆಬ್ರವರಿ ೧೫, ಗುರುವಾರ

ನಾನು ಕೂರುವ ಮೊದಲೇ ಅವನು ಹಲ್ಲು ಕಿಸಿಯುತ್ತ ಬಂದ. "ಪ..." ಅಂದೆ, ಅಷ್ಟೇ. "ಗೊತ್ತು ಮೇಡಂ, ನಿಮ್ಮ ಪಪ್ಪಾಯಿ ಸಲಾಡ್! ಒಳಗೆ ಹೇಳಿ ಆಯ್ತು."

ನಿಮ್ಮ ಪಪ್ಪಾಯಿ ಸಲಾಡ್! ಎರಡನೇ ವಾರಕ್ಕೇ ಹೊಸ ಪ್ರಾಣ ಅಂಟಿಸಿಬಿಟ್ಟರು ನನಗೆ. ಹೀಗೇ ಬಿಟ್ಟರೆ ಇನ್ನು ಇಪ್ಪತ್ತು ವರ್ಷ ಇದನ್ನೇ ತಿಂತೀನಿ.

ತಿಂದೆ. ಮತ್ತೆ ಕಣ್ಣೀರು ಸುರಿಯಿತು. ಮೆಣಸಿನಕಾಯಿಗಲ್ಲ, ಸಿಟ್ಟಿಗೆ.

ಫೆಬ್ರವರಿ ೨೨, ಗುರುವಾರ

ಗೆದ್ದೆ! ಗೆದ್ದೆ! ಗೆದ್ದೆ!

ಜಾರು ಕನ್ನಡಕ "ಪಪ್ಪಾಯಿ..." ಅಂತ ಶುರುಮಾಡಿದ. ನಾನು ಕೈ ಎತ್ತಿ ತಡೆದೆ. "ಸುಮ್ನಿರಿ. ನಂಗೆ ಉಗ್ಗು ಇದೆ. ಹೊತ್ತಾಗುತ್ತೆ. ನಾನೇ ಹೇಳ್ತೀನಿ." ಈ ನಾಲ್ಕು ವಾಕ್ಯಕ್ಕೇ ಬೆನ್ನು ಒದ್ದೆಯಾಗಿತ್ತು. ಅವನು ಪೆನ್ನು ಹಿಡಿದು ಹಾಗೇ ನಿಂತ. "ಪ... ಪ್... ಪ್ಯ..." ಪಕ್ಕದ ಮೇಜಿನವರು ಸೂಪ್ ಕುಡಿಯೋದು ನಿಲ್ಲಿಸಿದರು. ಕಣ್ಣು ಮುಚ್ಚಲಿಲ್ಲ. ಅವನ ಕನ್ನಡಕ ಮೂಗಿನ ತುದಿಗೆ ಇಳಿಯಿತು, ಅವನು ಅದನ್ನೂ ತಳ್ಳಲಿಲ್ಲ. "ಪ-ಪ-ಪ್ಯಾಡ್ ಥಾಯ್!"

"ಒಂದು ಪ್ಯಾಡ್ ಥಾಯ್" ಅಂತ ಬರೆದುಕೊಂಡು ಹೋದ. ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ.

ಹನ್ನೆರಡನೇ ವಯಸ್ಸಿನಿಂದ ಕಾದ ಪ್ಯಾಡ್ ಥಾಯ್ ಬಂತು. ಮೊದಲ ತುತ್ತು ಬಾಯಿಗಿಟ್ಟೆ. ಅಯ್ಯೋ ಕರ್ಮವೇ, ಸಿಹಿ! ಹುಣಸೆಹುಳಿಗೆ ಸಕ್ಕರೆ ಸುರಿದ ಹಾಗೆ ಸಿಹಿ! ಇದಕ್ಕಾ ನಾನು ಅಷ್ಟು ವರ್ಷ ಜೊಲ್ಲು ಸುರಿಸಿದ್ದು? ಒಬ್ಬಳೇ ಕೂತು ನಕ್ಕೆ. ಅರ್ಧ ಬಿಟ್ಟೆ. ನನಗೆ ಇಷ್ಟವಾಗಲಿಲ್ಲ ಅಂತ ಬಿಟ್ಟು ಎದ್ದು ಬಂದ ಮೊದಲ ಊಟ ಇದು. ಎಂಥಾ ಸುಖ!

ಫೆಬ್ರವರಿ ೨೯, ಗುರುವಾರ

ಕಾಯಿಹಾಲಿನ ಸೂಪ್: ಬಹಳ ಚೆನ್ನಾಗಿದೆ. ಸ್ಪ್ರಿಂಗ್ ರೋಲ್: ಎಣ್ಣೆ. ಇನ್ನೂ ಮೆನುವಿನ ಮೊದಲ ಪುಟದಲ್ಲೇ ಇದ್ದೀನಿ, ಒಟ್ಟು ಹನ್ನೊಂದು ಪುಟ. ಸೂಪಿಗೆ 'ಕಾ' ಒಂದೇ ಸಲಕ್ಕೆ ಬರಲಿಲ್ಲ. ಬಂತು ಆದರೂ.

ಜಾರು ಕನ್ನಡಕನನ್ನು ನೋಡಿ ನೋಡಿ ಸಹಿಸೋಕಾಗದೆ, "ಇತ್ತ ಕೊಡಿ ಅದನ್ನ" ಅಂತ ಕನ್ನಡಕ ಇಸ್ಕೊಂಡು, ಚೀಲದಲ್ಲಿದ್ದ ಸಣ್ಣ ಸ್ಕ್ರೂಡ್ರೈವರಿನಲ್ಲಿ ಬಿಗಿಮಾಡಿ, ಮೂಗಿನ ಮೇಲೆ ಕೂರುವ ಪುಟ್ಟ ಗುಂಡಿಗಳನ್ನು ಒತ್ತಿ ಕೊಟ್ಟೆ. ಎಲ್ಲಿ ತಗೊಂಡ್ರಿ, ಯಾರು ಅಳತೆ ತೆಗೆದದ್ದು, ಹೀಗೆ ಸಡಿಲ ಬಿಟ್ಟರೆ ಕತ್ತು ನೋವು ಬರುತ್ತೆ ಅಂತ ಬೈದೆ. ಇನ್ನು ಅವನಿಗೆ ಹೊಸ ಹೆಸರು ಹುಡುಕಬೇಕು.

ಮಾರ್ಚ್ ೭, ಗುರುವಾರ

ಬರೆಯೋಕೆ ಮನಸ್ಸಿಲ್ಲ.

ಪಕ್ಕದ ಮೇಜಿನಲ್ಲಿ ಆಫೀಸಿನ ನಾಲ್ಕು ಜನ. ನಾನು "ಬ... ಬ..." ಅನ್ನುವಾಗ ಅವರಲ್ಲೊಬ್ಬ ನನ್ನ ಹಾಗೇ ಕಣ್ಣರಳಿಸಿ, ತುಟಿ ನಡುಗಿಸಿ ತೋರಿಸಿದ. ಉಳಿದವರು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ವೇಟರಿಗೂ ಕಂಡಿತು. ನಾನು ಎದ್ದು ಬಂದೆ. ಬಸ್ ನಿಲ್ದಾಣದಲ್ಲಿ ಕೂತು ಒಂದು ಬನ್ನು ತಿಂದೆ, ಅದನ್ನೂ ಬೆರಳು ತೋರಿಸಿ ಕೊಂಡದ್ದು.

ಅಮ್ಮನಿಗೆ ಮುಖ ನೋಡಿಯೇ ಗೊತ್ತಾಯಿತು. "ಹೊರಗೆ ಹೋಗಿ ಯಾಕೆ ನಗೆಪಾಟಲಾಗ್ತೀಯಮ್ಮ? ನಾವಿಲ್ವಾ ಹೇಳೋಕೆ?" ಅಂದಳು.

ಮಾರ್ಚ್ ೧೪, ಗುರುವಾರ

ಹೋಗಲಿಲ್ಲ.

ಮಾರ್ಚ್ ೧೮, ಸೋಮವಾರ

ಪುಟ್ಟಿ ಇವತ್ತು ಶಾಲೆಗೆ ಹೋಗಲಿಲ್ಲ. ಹೊಟ್ಟೆನೋವಂತೆ. ಹೋದ ಸೋಮವಾರವೂ ಹೊಟ್ಟೆನೋವು ಅಂದಿದ್ದಳು. ಅತ್ತಿಗೆ ಬಿಸಿನೀರಿನ ಚೀಲ ಹುಡುಕುತ್ತಿದ್ದಳು. ನಾನು ಹೋಗಿ ಅವಳ ಹಾಸಿಗೆಯ ಅಂಚಿಗೆ ಕೂತೆ.

"ಸೋಮವಾರ ಕ್ಲಾಸಲ್ಲಿ ಗಟ್ಟಿಯಾಗಿ ಓದಿಸ್ತಾರಾ?"

ಹೊದಿಕೆಯೊಳಗಿಂದ ತಲೆ ಅಲ್ಲಾಡಿತು.

"ನಂಗೂ ಇದೇ ಹೊಟ್ಟೆನೋವು ಬ-ಬರ್ತಿತ್ತು."

"ಈಗ ಹೋ... ಹೋಯ್ತಾ?"

"ಎಲ್ಲಿ ಹೋಗುತ್ತೆ? ಹೋದ ಗುರುವಾರ ಕೂಡ ಬಂದಿತ್ತು."

ಹೊದಿಕೆಯೊಳಗೆ ಕಿಸಕ್ಕನೆ ನಗು. ಆದರೆ ನನ್ನ ಕಿವಿಗೆ ನನ್ನ ಮಾತೇ ಬಿತ್ತು. ಹೋದ ಗುರುವಾರ ಹೊಟ್ಟೆನೋವು ಅಂತ ಮನೆಯಲ್ಲಿ ಕೂತದ್ದು ಮೂವತ್ತನಾಲ್ಕು ವರ್ಷದ ಕತ್ತೆ. ಏಳು ವರ್ಷದ ಮಗು ಇನ್ನೇನು ಮಾಡುತ್ತೆ?

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಿದೆ: "ಪುಟ್ಟಿ ಮಾತಾಡುವಾಗ ಮಧ್ಯೆ ಬಾಯಿ ಹಾಕಬೇಡ. ಎಷ್ಟು ಹೊತ್ತಾದರೂ ಅವಳೇ ಮು-ಮುಗಿಸಲಿ."

ಅವನ ಮುಖ ಕಪ್ಪಿಟ್ಟಿತು. "ನಿಂಗೆ ಕಷ್ಟ ಆಗಬಾರದು ಅಂತ ತಾನೇ ಇಷ್ಟು ವರ್ಷ ನಿನ್ನ ಪರವಾಗಿ ಮಾತಾಡಿದ್ದು? ಅದೂ ತಪ್ಪಾಯ್ತಾ ಈಗ?"

ಅವನು ಹೇಳಿದ್ದು ಸುಳ್ಳಲ್ಲ. ಶಾಲೆಯಲ್ಲಿ ನನ್ನನ್ನು ಅಣಕಿಸಿದವನ ಮೂಗು ಒಡೆದು ಬಂದವನು ಅವನೇ. ಅಂಗಡಿಯಲ್ಲಿ, ಬಸ್ಸಲ್ಲಿ, ಆಸ್ಪತ್ರೆಯಲ್ಲಿ, ನನ್ನ ಬಾಯಿ ಅವನೇ ಆಗಿದ್ದ. ಅಣ್ಣ ಅಂದರೆ ನನಗೆ ಜೀವ. ಅದಕ್ಕೇ ಇಷ್ಟು ವರ್ಷ ಹೇಳೋಕಾಗಲಿಲ್ಲ.

"ತಪ್ಪಲ್ಲ ಅಣ್ಣ. ಆದ್ರೆ ನಂಗೆ ಫ್ರೈಡ್ ರೈಸ್ ಇಷ್ಟ ಇಲ್ಲ."

"ಏನಂದೆ?"

"ಇಷ್ಟ ಇಲ್ಲ. ಯಾವತ್ತೂ ಇರಲಿಲ್ಲ. ಆವತ್ತು ಬೇರೇನೋ ಕೇಳೋಕೆ ಹೋಗಿ ಅದು ಬಂತು, ಅಷ್ಟೇ."

ಅತ್ತಿಗೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅಮ್ಮ ನಿಧಾನವಾಗಿ ಕೇಳಿದಳು, "ಹಾಗಾದ್ರೆ ನಾನು ನಿನ್ನ ಹುಟ್ಟಿದ ಹಬ್ಬಕ್ಕೆ ಮನೇಲಿ ಮಾಡ್ತಿದ್ನಲ್ಲ, ಅದು?"

"ಅದೂ ಇಷ್ಟ ಇಲ್ಲಮ್ಮ."

ಅಣ್ಣ ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋದ.

ಮಾರ್ಚ್ ೧೯, ಮಂಗಳವಾರ

ಬೆಳಿಗ್ಗೆ ಅಣ್ಣ ಶೂ ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆ ಕೇಳಿದ: "ಮತ್ತೆ ನಿಂಗೆ ಏನು ಇಷ್ಟ?"

"ಇನ್ನೂ ಹುಡುಕ್ತಾ ಇದ್ದೀನಿ."

"ಹೂಂ. ಸಿಕ್ಕಿದ್ಮೇಲೆ ಹೇಳು" ಅಂದು ಹೋದ. ಅವನ ಕಣ್ಣು ಕೆಂಪಾಗಿತ್ತು. ನನ್ನದೂ ಅಷ್ಟೇ.

ಮಾರ್ಚ್ ೨೧, ಗುರುವಾರ

ಹೋದೆ. ಗ್ರಹಚಾರ, ಆಫೀಸಿನ ಆ ನಾಲ್ವರೂ ಅಲ್ಲೇ ಇದ್ದರು. ವೇಟರ್ ನನ್ನನ್ನು ಒಳಗಿನ ಮೂಲೆಗೆ ಕರೆದುಕೊಂಡು ಹೋಗೋಕೆ ನೋಡಿದ. ಬೇಡ ಅಂದು ಅವರ ಪಕ್ಕದ ಮೇಜಿನಲ್ಲೇ ಕೂತೆ. "ಬ-ಬ-ಬ-ಬೇಸಿಲ್ ಬ-ಬ-ಬದನೆಕಾಯಿ" ಕೇಳಿದೆ. ಎರಡು 'ಬ' ಇರುವುದನ್ನೇ ಆರಿಸಿದೆ, ಹಠಕ್ಕೆ. ಆಮೇಲೆ ಅಣಕಿಸಿದವನ ಕಡೆ ತಿರುಗಿ, "ನೀವು ಆವತ್ತು ಮಾಡಿ ತೋರಿಸಿದ್ದು ಸರಿ ಇರಲಿಲ್ಲ. ಬ-ಬರೀ ತುಟಿ ಅಲ್ಲ, ಇಲ್ಲಿ ಗಂಟಲೂ ಬಿ-ಬಿಗಿಯುತ್ತೆ. ಇನ್ನೊಂದ್ಸಲ ಮಾಡಿ ನೋಡೋಣ" ಅಂದೆ. ಅವನು ತಟ್ಟೆಯೊಳಗೆ ಮುಖ ಹುದುಗಿಸಿದ. ಕಿವಿ ಕೆಂಪಗೆ, ಸಲಾಡಿನ ಮೆಣಸಿನಕಾಯಿಯ ಬಣ್ಣ.

ಅಂದಹಾಗೆ ಆ ಬದನೆಕಾಯಿ! ಎಣ್ಣೆಯಲ್ಲಿ ಮೆತ್ತಗೆ ಬೆಂದು, ಬೇಸಿಲ್ ಅನ್ನೋ ತುಳಸಿಯಂಥ ಎಲೆಯ ಘಮ ಹಿಡಿದು... ಅಣ್ಣನಿಗೆ ಹೇಳಬೇಕು, ಸಿಕ್ಕಿತು ಅಂತ.

ಏಪ್ರಿಲ್ ೪, ಗುರುವಾರ

ತಲೆ ಕೆಟ್ಟಿದೆ. ಕೌಂಟರಿನ ಹುಡುಗಿ ಮೂರು ದಿನದಿಂದ ರಜೆ, ಯಜಮಾನರು ನನ್ನನ್ನೇ ಮುಂದೆ ಕೂರಿಸಿದ್ದಾರೆ. ಒಂದು ಹೆಂಗಸು ಫ್ರೇಮು ಹನ್ನೆರಡು ಸಲ ಬದಲಾಯಿಸಿದಳು. ನಿಮ್ಮ ಮುಖಕ್ಕೆ ದುಂಡಗಿನದು ಒಪ್ಪಲ್ಲ ಅಂತ ಹೇಳಿ ಹೇಳಿ ಬಾಯಿ ನೋವು. ನಲ್ಲಿ ರಿಪೇರಿಯವನು ಬರ್ತೀನಿ ಅಂದು ಕೈಕೊಟ್ಟ. ಫೋನ್ ಮಾಡಿ ಚೆನ್ನಾಗಿ ಝಾಡಿಸಿದೆ. ನಾಳೆ ಬೆಳಿಗ್ಗೆಯೇ ಬರ್ತಾನಂತೆ, ನೋಡೋಣ. ಹೋಟೆಲಲ್ಲಿ ಇವತ್ತು ನೂಡಲ್ಸಿಗೆ ಉಪ್ಪು ಜಾಸ್ತಿ, ವಾಪಸ್ ಕಳಿಸಿದೆ.

ಅಮ್ಮ ಗೊಣಗುತ್ತಿದ್ದಾಳೆ, "ಬರ್ತಾ ಬರ್ತಾ ನಿನ್ನ ಬಾಯಿ ಜಾಸ್ತಿ ಆಯ್ತು" ಅಂತ. ಏನು ಜಾಸ್ತಿಯೋ! ಉಗ್ಗು ಒಂದಿಷ್ಟೂ ಕಡಿಮೆಯಾಗಿಲ್ಲ. ಡಾಕ್ಟರಿಗೂ ಅದನ್ನೇ ದೂರಿದೆ. ಆಕೆ ನಕ್ಕು ಬಿಸ್ಕೆಟ್ ಕೊಟ್ಟಳು.

ಏಪ್ರಿಲ್ ೧೯, ಶುಕ್ರವಾರ

ನಾಳೆ. ಪುಟ್ಟಿ ಹೊಸ ಕ್ಲಿಪ್ ತೋರಿಸೋಕೆ ಬಂದವಳು "ಅತ್ತೆ, ನಾಳೆ ನೀನು ಏ-ಏನು ತಗೋತೀಯ?" ಅಂದಳು. ಯಾಕೆ ಅಂದೆ. "ನಂಗೂ ಅದೇ" ಅಂದಳು.

ಹೆದರಿಕೆ ಆಗ್ತಿದೆ. ಅಪರಿಚಿತರ ಎದುರು ಉಗ್ಗೋದು ಬೇರೆ. ಮನೆಯವರ ಎದುರು, ಅವರ ಕರುಣೆಯ ಎದುರು ಉಗ್ಗೋದು ಬೇರೆ.

ಏಪ್ರಿಲ್ ೨೧, ಭಾನುವಾರ

ಬರೆಯದೆ ಇರೋಕಾಗಲ್ಲ. ಒಂದೂ ಬಿಡದೆ ಬರೀತೀನಿ.

ದುಂಡು ಮೇಜು, ಐದೂ ಜನ. ವೇಟರ್ ಬಂದ. ನನ್ನನ್ನು ನೋಡಿ ಗುರುತಿನ ನಗು ನಕ್ಕ. ಅಣ್ಣ ಅಭ್ಯಾಸಬಲದಿಂದ "ಇವಳಿಗೆ ಫ್ರೈ..." ಅಂದು ನಾಲಿಗೆ ಕಚ್ಚಿಕೊಂಡ. ಎಲ್ಲರೂ ನನ್ನ ಮುಖ ನೋಡಿದರು. ಪುಟ್ಟಿ ಎಲ್ಲರಿಗಿಂತ ಜಾಸ್ತಿ ನೋಡಿದಳು.

ಸಲೀಸಾಗಿ ಬಂತು ಅಂತ ಬರೆದರೆ ಸುಳ್ಳಾಗುತ್ತೆ. ಅದಕ್ಕಿಂತ ಕೆಟ್ಟದಾಗಿ ನಾನು ಜನ್ಮದಲ್ಲೇ ಉಗ್ಗಿಲ್ಲ. "ಬ..." ತುಟಿ ಮುಚ್ಚಿಕೊಂಡಿತು, ಸದ್ದೇ ಇಲ್ಲ. "ಬ್... ಬ್..." ಅತ್ತಿಗೆ ಉಸಿರು ಬಿಗಿಹಿಡಿದಳು. ಅಣ್ಣನ ಬಾಯಿ ತೆರೆಯಿತು, ಮುಚ್ಚಿತು. ಪಾಪ, ಅವನ ಗಂಟಲಲ್ಲಿ ನನ್ನ ಮಾತು ಒದ್ದಾಡುತ್ತಿತ್ತು. ಪಕ್ಕದ ಮೇಜಿನ ದಪ್ಪ ಮನುಷ್ಯ ಕುರ್ಚಿಯನ್ನೇ ತಿರುಗಿಸಿಕೊಂಡು ನೋಡಿದ. ಆಗ ಅಮ್ಮ, ನಮ್ಮಮ್ಮ, ನಗೆಪಾಟಲಿಗೆ ಹೆದರಿ ನನ್ನನ್ನು ಸೆರಗಿನಲ್ಲಿ ಮುಚ್ಚಿಟ್ಟು ಬೆಳೆಸಿದವಳು, ಅವನ ಕಡೆ ತಿರುಗಿ, "ಏನ್ರೀ ನೋಡ್ತಿದ್ದೀರಿ? ಮಗಳು ಊಟ ಹೇಳ್ತಿದ್ದಾಳೆ, ನಿಮ್ಮ ತಟ್ಟೆ ನೋಡ್ಕೊಳ್ಳಿ!" ಅಂದಳು. ಕುರ್ಚಿ ಸರಕ್ಕನೆ ವಾಪಸ್ ತಿರುಗಿತು.

ಕಣ್ಣು ಮುಚ್ಚಲಿಲ್ಲ. ಪುಟ್ಟಿಯನ್ನೇ ನೋಡುತ್ತ ಹೇಳಿದೆ: "ಬ-ಬ-ಬ-ಬೇಸಿಲ್ ಬ-ಬದನೆಕಾಯಿ. ಆಮೇಲೆ ಕ-ಕ-ಕಾಯಿಹಾಲಿನ ಸೂಪ್. ದೊಡ್ಡ ಬಟ್ಟಲು."

"ಆಯ್ತು ಮೇಡಂ" ಅಂದ ವೇಟರ್. ಅಣ್ಣ ಮೇಜಿನ ಕೆಳಗೆ ನನ್ನ ಕೈ ಹಿಡಿದು ಮೂಳೆ ನೋಯುವ ಹಾಗೆ ಒತ್ತಿದ. ಸಂತೋಷಕ್ಕೆ ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಆದರೆ ಅದು ನನ್ನ ದಿನ ಅಲ್ಲ.

"ಹುಟ್ಟಿದ ಹಬ್ಬದ ಹುಡುಗಿಗೆ?" ಅಂದ ವೇಟರ್.

ಪುಟ್ಟಿ ನನ್ನ ಕಡೆ ನೋಡಿದಳು. 'ಅತ್ತೆದೇ' ಅಂತಾಳೆ ಅಂತ ನನ್ನ ಜೀವ ಬಾಯಿಗೆ ಬಂತು. ಅವಳು ಮೆನು ಎಳೆದುಕೊಂಡಳು, ಕ್ಲಿಪ್ ಸರಿಮಾಡಿಕೊಂಡಳು. "ನಂಗೆ ದ... ದ... ದ..."

ಯಾರೂ ಉಸಿರೆತ್ತಲಿಲ್ಲ. ಅತ್ತಿಗೆ ತುಟಿ ಕಚ್ಚಿಕೊಂಡಳು. ಅಣ್ಣ ತಿರುಗುವ ತಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ವೇಟರ್ ಪೆನ್ನು ಹಿಡಿದು ನಿಂತೇ ಇದ್ದ, ಅವಸರವೇ ಇಲ್ಲದವನ ಹಾಗೆ.

"ದ-ದ-ದಪ್ಪ ನೂಡಲ್ಸ್!"

ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟೆವು. ಅಮ್ಮ ಕಣ್ಣೊರೆಸಿಕೊಂಡಳು. ವೇಟರ್ ಬರೆದುಕೊಂಡ, ಮೆನು ತೆಗೆದುಕೊಳ್ಳೋಕೆ ಕೈ ಚಾಚಿದ.

ಪುಟ್ಟಿ ಮೆನು ಬಿಡಲಿಲ್ಲ. "ತಾ-ತಾಳಿ. ಅದು ಬ-ಬೇಡ."

"ಬೇಡ್ವಾ?" ಅಂದ ಅಣ್ಣ.

"ಬೇಡ. ಡ... ಡ... ಡಂಪ್ಲಿಂಗ್." ವೇಟರ್ ಹಳೆಯದನ್ನು ಹೊಡೆದು ಹಾಕಿ ಹೊಸದು ಬರೆದ. "ಕ-ಕರಿದಿದ್ದು" ಅಂದಳು. ಬರೆದ. "ಅಲ್ಲ ಅಲ್ಲ, ಬೇ-ಬೇ-ಬೇಯಿಸಿದ್ದು." ಮತ್ತೆ ಹೊಡೆದು ಹಾಕಿದ.

ನಾನು ನೋಡುತ್ತಲೇ ಇದ್ದೆ. ಇಷ್ಟು ವಯಸ್ಸಾಯಿತು, ಒಂದೇ ಒಂದು ಸಲವೂ ನಾನು ಹೇಳಿದ್ದನ್ನು ಬದಲಾಯಿಸಿದವಳಲ್ಲ. ಒಂದು ಮಾತು ಹೊರಗೆ ಬಿದ್ದರೆ ಸಾಕು ಅಂತ, ಬಂದದ್ದನ್ನು ತಿಂದು ಏಳುತ್ತಿದ್ದೆ. ಈ ಪುಟಾಣಿ ಇಡೀ ಹೋಟೆಲನ್ನು ನಿಲ್ಲಿಸಿಕೊಂಡು ಮನಸ್ಸು ಬದಲಾಯಿಸುತ್ತಿದ್ದಾಳೆ! ಮತ್ತೆ ಪುಟ ಮಗುಚಿದಳು. ಬೆರಳನ್ನು ಗಲ್ಲದ ಮೇಲಿಟ್ಟುಕೊಂಡಳು.

"ಬೇಗ ಹೇಳಮ್ಮಾ ತಾಯಿ, ಹಸಿವಾಗ್ತಿದೆ" ಅಂದ ಅಣ್ಣ.

"ಇ-ಇರಪ್ಪ" ಅಂದಳು ಪುಟ್ಟಿ, ಮೆನುವಿನಿಂದ ತಲೆಯೆತ್ತದೆ. "ಯೋ-ಯೋಚನೆ ಮಾಡ್ತಿದ್ದೀನಿ."